ಭಾವನ ಹೆಸರು ಹೇಳದ ಸಾಕ್ಷಿ

ಹೆಸರುಗಳ ಗೋಡೆ ಸಮಿತಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ತಂದೆ ಕಿಫುಂಗೆಯವರ ಹೆಸರನ್ನು ನಿಮ್ಮ ಯುದ್ಧಸ್ಮಾರಕದ ಗೋಡೆಯ ಮೇಲೆ ಕೆತ್ತಲು ಬರುವುದಿಲ್ಲ ಎಂದು ಕಾಗದ ಕಳಿಸಿದ್ದೀರಿ. ಕಾರಣ ಒಂದೇ ಸಾಲಿನಲ್ಲಿದೆ: "ಸಾಕ್ಷಿಗೆ ಹೆಸರು ನೆನಪಿಲ್ಲ." ಸಾಕ್ಷಿ ಎಂದರೆ ನಮ್ಮ ತಾಯಿಯ ತಮ್ಮ, ಕೊಸಾಂಗ ಊರಿನ ಫುವಾಯೊ ಮಾವ. ಆ ಸಾಲು ಸುಳ್ಳು. ಸುಳ್ಳೆಂದು ನಾಲ್ಕು ಸಲ ಬರೆದು ತಿಳಿಸಿದೆ. ಒಂದಕ್ಕೂ ಉತ್ತರ ಬರಲಿಲ್ಲವಾದ್ದರಿಂದ ಐದನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನೀವು ಓದದಿದ್ದರೂ ಮೀನು ಕಟ್ಟಿಕೊಡುವವರಾದರೂ ಓದಿಯಾರು.

ನಮ್ಮ ತಂದೆ ಸತ್ತು ಇಪ್ಪತ್ತನಾಲ್ಕು ವರ್ಷವಾಯಿತು. ಅವರು ಯುದ್ಧದಲ್ಲಿ ಗುಂಡು ಹಾರಿಸಿದವರಲ್ಲ, ಹೊತ್ತವರು. ಮೊದಲು ಜಪಾನೀಯರು ನಮ್ಮ ದ್ವೀಪಕ್ಕೆ ಬಂದು ಅಕ್ಕಿ ಮೂಟೆ ಹೊರಿಸಿದರು. ಆಮೇಲೆ ಆಸ್ಟ್ರೇಲಿಯಾದವರು ಬಂದು ತಮ್ಮ ಗಾಯಾಳುಗಳನ್ನು ಹೊರಿಸಿದರು. ಯಾರ ಯುದ್ಧ, ಯಾಕೆ ಯುದ್ಧ ಎಂದು ನಮ್ಮವರನ್ನು ಯಾರೂ ಕೇಳಲಿಲ್ಲ. ಭುಜ ಗಟ್ಟಿಯಿದೆಯೇ ಎಂದಷ್ಟೇ ನೋಡಿದರು. ಸಾಟಲ್ಬರ್ಗ್ ಗುಡ್ಡದಿಂದ ಕಡಲ ದಂಡೆಯವರೆಗೆ ಒಬ್ಬ ಗಾಯಾಳುವಿಗೆ ನಾಲ್ಕು ಜನ. ನಮ್ಮ ತಂದೆಯ ಬಲಭುಜದ ಮೇಲೆ ಆಮೆಯ ಬೆನ್ನಿನಂತೆ ಗಟ್ಟಿಯಾದ ಚರ್ಮವಿತ್ತು. ಚಿಕ್ಕಂದಿನಲ್ಲಿ ನಾವು ಮಕ್ಕಳೆಲ್ಲ ಅದನ್ನು ಬೆರಳಿನಿಂದ ತಟ್ಟಿ "ಯಾರಿದ್ದೀರಿ ಒಳಗೆ?" ಎಂದು ಕೇಳುತ್ತಿದ್ದೆವು. ಅವರು ನಗುತ್ತಿದ್ದರು. ಯುದ್ಧದ ವಿಷಯ ಅವರಾಗಿ ಎಂದೂ ಎತ್ತಲಿಲ್ಲ. ಅಕ್ಕಿ ಮಾತ್ರ ಮುಟ್ಟುತ್ತಿರಲಿಲ್ಲ. ಮಿಶನ್ನಿನ ಹಬ್ಬದೂಟದಲ್ಲಿ ಎಲ್ಲರೂ ಅನ್ನಕ್ಕೆ ಮುಗಿಬಿದ್ದರೆ ಅವರು ಒಂದು ತುಂಡು ಕೆಸುವಿನ ಗೆಡ್ಡೆ ಹಿಡಿದು ಪಕ್ಕಕ್ಕೆ ಹೋಗಿ ಕೂರುತ್ತಿದ್ದರು.

ಹಾಗಾದರೆ ಅವರ ಯುದ್ಧ ನಮಗೆ ಹೇಗೆ ಗೊತ್ತು ಎಂದು ನೀವು ಕೇಳಬಹುದು. ನೀವು ಕೇಳುವುದಿಲ್ಲ, ಇರಲಿ, ನಾನೇ ಹೇಳುತ್ತೇನೆ. ಮೂರು ಕಡೆಯಿಂದ ಗೊತ್ತು.

ಒಂದು, ಪುಸ್ತಕ. ಆ ಗುಡ್ಡದಲ್ಲಿ ಹೊಟ್ಟೆಗೆ ಗುಂಡು ತಿಂದ ಆಸ್ಟ್ರೇಲಿಯಾದ ಒಬ್ಬ ಲೆಫ್ಟಿನೆಂಟ್ ಮುಪ್ಪಿನಲ್ಲಿ ತನ್ನ ನೆನಪುಗಳನ್ನು ಬರೆದ. ಅದರಲ್ಲಿ ನಮ್ಮ ತಂದೆಗೆ ಎರಡು ಪ್ಯಾರಾ. ಮಳೆ ಬಂದು ಮಾಪೆ ಹೊಳೆ ಉಕ್ಕಿತ್ತಂತೆ. ಮುಂದೆ ಬಲಗಡೆ ಹಿಡಿದವನ ಎಡಹುಬ್ಬಿನ ಮೇಲೆ ಗಾಯದ ಗುರುತಿತ್ತಂತೆ. ನೀರು ಅವನ ಮೂಗಿನವರೆಗೆ ಬಂದರೂ ಡೋಲಿ ಓರೆಯಾಗಲಿಲ್ಲವಂತೆ. ಆ ಪುಸ್ತಕದಲ್ಲಿ ಲೆಫ್ಟಿನೆಂಟನ ತಾಯಿಯ ಹೆಸರಿದೆ, ಅವನು ಊರಿನಲ್ಲಿ ಬಿಟ್ಟುಬಂದ ನಾಯಿಯ ಹೆಸರಿದೆ. ತನ್ನನ್ನು ಹೊತ್ತವನ ಹೆಸರಿಲ್ಲ. ಆ ಮುದುಕನ ಮೇಲೆ ನನಗೆ ಸಿಟ್ಟಿಲ್ಲ. ಕರುಳು ಕೈಯಲ್ಲಿ ಹಿಡಿದುಕೊಂಡು ಮಲಗಿದವನು ಪರಿಚಯ ಕೇಳುತ್ತಾನೆಯೇ? ಕೇಳದೇ ಹೋದದ್ದಕ್ಕೆ ನಾಚಿಕೆಯಾಗುತ್ತದೆ ಎಂದು ಐವತ್ತು ವರ್ಷದ ಮೇಲಾದರೂ ಬರೆದಿದ್ದಾನೆ. ನಿಮ್ಮ ಕಾಗದದಲ್ಲಿ ಆ ಪದ ಎಲ್ಲಿಯೂ ಕಾಣಲಿಲ್ಲ.

ಎರಡು, ಸಿನಿಮಾ. ಅದನ್ನು ತಂದು ತೋರಿಸಿದವರು ನೀವೇ. ಕಳೆದ ವರ್ಷ ನಿಮ್ಮ ಸಮಿತಿಯವರು ಯುದ್ಧಕಾಲದ ಸುದ್ದಿಚಿತ್ರವನ್ನು ನಮ್ಮ ಶಾಲೆಗೆ ತಂದರು. ನಾನು ಪಾಠ ಹೇಳುವ ಮೂರನೆಯ ತರಗತಿಯ ಕೋಣೆಯ ಕಿಟಕಿಗಳಿಗೆ ಚಾಪೆ ಕಟ್ಟಿ ಕತ್ತಲೆ ಮಾಡಿದೆವು. ಹೊರಗೆ ಬಿಸಿಲು, ಒಳಗೆ ಊರಿಗೆ ಊರೇ ಬೆವರುತ್ತ ಕೂತಿತ್ತು. ಹಡಗುಗಳು ಹೋದವು, ವಿಮಾನಗಳು ಹೋದವು, ಬಿಳಿಯರು ಸಿಗರೇಟು ಸೇದಿದರು. ಆಮೇಲೆ ಒಂದು ಇಳಿಜಾರು, ಕೆಸರು, ನಾಲ್ಕು ಜನ, ಒಂದು ಡೋಲಿ. ಹನ್ನೊಂದು ಸೆಕೆಂಡು. ಆಮೇಲೆ ನಾನು ಎಣಿಸಿದ್ದೇನೆ.

ಮೊದಲು ಗುರುತು ಹಿಡಿದವಳು ನಮ್ಮ ಸೋದರತ್ತೆ ಅವೆಕೆ. "ಅಯ್ಯೋ, ಕಿಫುಂಗೆ! ನಮ್ಮ ಕಿಫುಂಗೆ ಕಣ್ರೇ!" ಎಂದು ಚೀರಿದಳು.

"ಎಲ್ಲಿ? ಆ ಸಣಕಲಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಸಣಕಲು ನಿಮ್ಮಪ್ಪ. ಆಗಿನ್ನೂ ಮದ್ವೆ ಹೊಸದು, ಹೆಂಡ್ತಿ ಕೈ ಗೆಡ್ಡೆ ತಿಂದು ಮೈ ಬಂದಿರ್ಲಿಲ್ಲ."

ಎಲ್ಲರೂ ನಕ್ಕರು, ಅಳುತ್ತಲೇ ನಕ್ಕರು. ಯಂತ್ರದವನು ಆ ತುಣುಕನ್ನು ಮತ್ತೆ ಹಾಕಿದ. ಎರಡನೆಯ ಸಲ ಫುವಾಯೊ ಮಾವ ಎದ್ದುನಿಂತರು. ಡೋಲಿಯ ಹಿಂದುಗಡೆ ಎಡಭಾಗದಲ್ಲಿ ಅವರೂ ಇದ್ದರು, ಹದಿನೆಂಟರ ಪ್ರಾಯ. ತಮ್ಮನ್ನು ತಾವು ಅವರು ನೋಡಲೇ ಇಲ್ಲ. ಪರದೆಯ ಹತ್ತಿರ ಹೋಗಿ "ಭಾವಾ, ನಿಧಾನ, ಅಲ್ಲಿ ಬೇರಿದೆ!" ಎಂದರು. ನಿಮ್ಮ ಸಮಿತಿಯವರು ಅದನ್ನೆಲ್ಲ ಕಂಡರು, ಫೋಟೋ ತೆಗೆದರು, ಎಳನೀರು ಕುಡಿದು ಹೋದರು. ನೆನಪಿಲ್ಲದವನು ಐವತ್ತು ವರ್ಷ ಹಿಂದಿನ ಬೇರನ್ನು ನೆನಪಿಟ್ಟುಕೊಳ್ಳುತ್ತಾನೆಯೇ?

ಮೂರನೆಯದು ಅದೇ ಮಾವ. ಪುಸ್ತಕದ ಎರಡು ಪ್ಯಾರಾ, ಸಿನಿಮಾದ ಹನ್ನೊಂದು ಸೆಕೆಂಡು ಬಿಟ್ಟರೆ ಉಳಿದ ಯುದ್ಧವೆಲ್ಲ ನಮಗೆ ಅವರ ಬಾಯಿಂದ ಬಂದದ್ದು. ಆದಿತ್ಯವಾರ ಪ್ರಾರ್ಥನೆ ಮುಗಿಸಿ ಅವರು ನಮ್ಮ ಜಗಲಿಗೆ ಬರುತ್ತಿದ್ದರು. ಎಲೆ ಸುಣ್ಣ ಹಾಕಿಕೊಂಡು ಶುರುಮಾಡಿದರೆ ಊಟದ ಹೊತ್ತಿನವರೆಗೂ ಅದೇ. ಗಾಯಾಳು ನರಳಿದಾಗಲೆಲ್ಲ ಭಾವ ಯಾವ ಹಾಡು ಹೇಳುತ್ತಿದ್ದ, ಬಾಂಬು ಬಿದ್ದಾಗ ಡೋಲಿ ಕೆಳಗಿಡದೆ ಹೇಗೆ ಅದರ ಮೇಲೆ ಬಗ್ಗಿ ನಿಂತ, ದಾರಿಯಲ್ಲಿ ಭೇದಿ ಹತ್ತಿ ಸತ್ತ ಜೊತೆಗಾರನನ್ನು ಎಲ್ಲಿ ಮಣ್ಣು ಮಾಡಿದರು, ಎಲ್ಲವೂ. ನಾಲ್ವರಲ್ಲಿ ಇವರೊಬ್ಬರೇ ಉಳಿದವರು. ಇಷ್ಟು ವರ್ಷದ ಕಥೆಯಲ್ಲಿ ನಮ್ಮ ತಂದೆಯ ಹೆಸರನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಶಾಲೆಗೆ ನನ್ನನ್ನು ಸೇರಿಸಲು ಅವರೇ ಕರೆದುಕೊಂಡು ಹೋದದ್ದು. "ಹುಡುಗಿಯ ಪೂರ್ತಿ ಹೆಸರು?" ಎಂದು ಪಾದ್ರಿ ಕೇಳಿದಾಗ ಅವರು ಡೊರ್ಕಾಸ್ ಎಂದು ನಿಲ್ಲಿಸಿ ನನ್ನ ಬೆನ್ನು ತಟ್ಟಿದ್ದರು. ಉಳಿದ ಅರ್ಧವನ್ನು ನಾನೇ ಹೇಳಿದೆ, ಯಾಕೆಂದರೆ ಅದು ತಂದೆಯ ಹೆಸರು.

ಯಾಕೆ ಎಂದು ನಿಮಗೆ ಬಿಡಿಸಿ ಹೇಳಬೇಕೇ? ನೀವೇನು ವಿಮಾನದಿಂದ ನಿನ್ನೆ ಇಳಿದವರಲ್ಲ. ನೀವೂ ಈ ನೆಲದ ಕೆಸು ತಿಂದು ಬೆಳೆದವರು, ನಿಮಗೂ ಹೆಂಡತಿಯಿದ್ದಾಳೆ, ಅವಳಿಗೆ ಅಪ್ಪ ಅಮ್ಮ ಅಣ್ಣ ತಮ್ಮ ಇದ್ದಾರೆ. ಹೆಣ್ಣು ಕೊಟ್ಟವರು ತಂದವರು ಒಬ್ಬರ ಹೆಸರನ್ನೊಬ್ಬರು ಹೇಳುವುದಿಲ್ಲ, ಸತ್ತಮೇಲೂ ಹೇಳುವುದಿಲ್ಲ ಎಂಬುದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಹೇಳಿದರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ಹೇಳಿದವನು ತಲೆಯೆತ್ತಿ ಆ ಮನೆಯ ಜಗಲಿ ಹತ್ತಲಾರ. ಅನುಮಾನವಿದ್ದರೆ, ನಾಳೆ ಬೆಳಿಗ್ಗೆ ನಿಮ್ಮ ಕಚೇರಿಯ ಅಂಗಳದಲ್ಲಿ ನಿಂತು ನಿಮ್ಮ ಮಾವನ ಹೆಸರನ್ನು ಮೂರು ಸಲ ಗಟ್ಟಿಯಾಗಿ ಕೂಗಿ. ಆಮೇಲೆ ಮನೆಗೆ ಊಟಕ್ಕೆ ಹೋಗಿ ನೋಡಿ.

ಇನ್ನು ನಿಮ್ಮ ನಿಯಮ. ಹೆಸರು ಕೆತ್ತಬೇಕಾದರೆ ಜೊತೆಯಲ್ಲಿ ದುಡಿದವನೊಬ್ಬ ತನ್ನ ಬಾಯಿಂದ ಆ ಹೆಸರು ಹೇಳಬೇಕು, ಅವನು ರಕ್ತಸಂಬಂಧಿಯಾಗಿರಬಾರದು. ಸ್ವಾಮಿ, ಇದನ್ನು ಬರೆದ ಪುಣ್ಯಾತ್ಮ ಯಾರು? ನಮ್ಮ ಊರುಗಳಲ್ಲಿ ರಕ್ತಸಂಬಂಧ ಇಲ್ಲದವನು ಬೀಗನೇ. ಯುದ್ಧಕ್ಕೆ ಹಿಡಿದುಕೊಂಡು ಹೋದದ್ದು ಊರೂರಿನ ಗಂಡಸರನ್ನು ಒಟ್ಟಿಗೆ, ಅಣ್ಣ ತಮ್ಮ ಭಾವ ಮೈದುನರನ್ನು. ಅಣ್ಣತಮ್ಮಂದಿರು ಹೇಳಿದರೆ ನೀವು ಒಪ್ಪುವುದಿಲ್ಲ, ಭಾವಮೈದುನರು ಹೇಳುವಂತಿಲ್ಲ. ಅತ್ತ ದರಿ ಇತ್ತ ಪುಲಿ ಎನ್ನುವುದು ಇದಕ್ಕೇ. ನಿಮ್ಮ ಗೋಡೆಯ ತುಂಬ "ಹೆಸರು ತಿಳಿಯದ ಹೊರೆಯಾಳು" ಎಂಬ ಸಾಲುಗಳೇ ಯಾಕಿವೆ ಎಂದು ನೀವು ಒಂದು ದಿನವಾದರೂ ಯೋಚಿಸಿದ್ದುಂಟೇ? ಅಷ್ಟೊಂದು ಜನ ಹೆಸರಿಲ್ಲದೆ ಹುಟ್ಟಿದ್ದರೇ?

ಫೆಬ್ರವರಿಯಲ್ಲಿ ನೀವೇ ನಮ್ಮ ಊರಿಗೆ ಬಂದಿರಿ. ಮಾವ ಅದಕ್ಕಾಗಿ ಕೂದಲು ಕತ್ತರಿಸಿಕೊಂಡಿದ್ದರು, ಪ್ರಾರ್ಥನೆಗೆ ಹಾಕುವ ಬಿಳಿ ಅಂಗಿ ಹಾಕಿದ್ದರು. ತೆಂಗಿನ ಹಾಲಿನಲ್ಲಿ ಬೇಯಿಸಿದ ಗೆಡ್ಡೆ ನಿಮ್ಮ ಮುಂದಿತ್ತು. ಧ್ವನಿಮುದ್ರಣದ ಡಬ್ಬಿ ಇಟ್ಟು ನೀವು ಕೇಳಿದಿರಿ, ಅವರು ಹೇಳಿದರು. ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು.

"ಹೊಳೆ ದಾಟೋವಾಗ ಮುಂದೆ ಬಲಗಡೆ ಯಾರಿದ್ರು, ಅಜ್ಜ?"

"ನಮ್ಮ ಭಾವ."

"ಹೆಸರು?"

ಮಾವ ನನ್ನ ಕಡೆ ತಿರುಗಿದರು. "ಹೇಳು ಮಗಾ ಅವರಿಗೆ."

ನಾನು ಬಾಯಿ ತೆರೆದೆ. ನೀವು ಕೈ ಅಡ್ಡ ಹಿಡಿದಿರಿ. "ನೀವು ಹೇಳೋ ಹಾಗಿಲ್ಲಮ್ಮ. ಮಗಳ ಮಾತು ನಡೆಯಲ್ಲ. ಸಾಕ್ಷಿನೇ ಹೇಳ್ಬೇಕು."

"ನಮ್ಮಕ್ಕನ ಗಂಡ ಸಾಹೇಬ್ರೆ ಅವನು," ಎಂದರು ಮಾವ. "ಎಡಹುಬ್ಬಿನ ಮೇಲೆ ಗಾಯ. ಕಾಡುಹಂದಿ ಹೊಡೆಯೋಕೆ ಹೋಗಿ ಆಗಿದ್ದು. ನಾನೂ ಇದ್ದೆ."

"ಅದೆಲ್ಲ ಸರಿ. ಹೆಸರು?"

"ನಾ ಹೇಳಬಾರ್ದು. ಈ ಹುಡುಗಿ ಹೇಳ್ತಾಳೆ, ನಾನು ಹೌದು ಅಂತ ತಲೆ ಆಡಿಸ್ತೀನಿ. ಸಾಲ್ದಾ?"

"ಸಾಲಲ್ಲ ಅಜ್ಜ. ನಿಯಮ ಇದೆ."

ಆಗ ಜಗಲಿಯ ಕೆಳಗೆ ಬುಟ್ಟಿ ಹೆಣೆಯುತ್ತಿದ್ದ ಅವೆಕೆ ಅತ್ತೆ ತಲೆಯೆತ್ತದೆ ಹೇಳಿದಳು: "ಸಾಹೇಬ್ರು ಅವರತ್ತೆ ಹೆಸರು ಒಂದ್ಸಲ ಹೇಳ್ಲಿ. ನಮ್ಮೋನೂ ಹೇಳ್ತಾನೆ." ಹೆಂಗಸರು ಕಿಸಕ್ಕೆಂದರು. ನೀವೂ ನಕ್ಕಿರಿ. ನಕ್ಕು ಪೆನ್ನು ತೆಗೆದಿರಿ. ನಿಮ್ಮ ನಮೂನೆಯಲ್ಲಿ ಎರಡೇ ಚೌಕವಿತ್ತು, "ಹೆಸರು ಹೇಳಿದರು" ಮತ್ತು "ನೆನಪಿಲ್ಲ". ನೀವು ಎರಡನೆಯದಕ್ಕೆ ಗುರುತು ಹಾಕಿದ್ದನ್ನು ಪಕ್ಕದಲ್ಲಿ ಕೂತ ನಾನು ಕಂಡೆ. ಕಂಡು ಸುಮ್ಮನಿದ್ದೆ. ಮನೆಗೆ ಬಂದ ಅತಿಥಿ, ಆಮೇಲೆ ಸರಿಪಡಿಸಿಯಾರು ಎಂದುಕೊಂಡೆ. ಈ ತಪ್ಪು ನನ್ನದು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಮೂರನೆಯ ಚೌಕ ಒಂದನ್ನು ಅಚ್ಚು ಹಾಕಿಸಲು ಸರ್ಕಾರದಲ್ಲಿ ಶಾಯಿ ಇರಲಿಲ್ಲವೇ?

ನಿಮ್ಮ ಕಾಗದ ಬಂದದ್ದು ಮಿಶನ್ನಿನ ವಿಳಾಸಕ್ಕೆ. ನಮ್ಮೂರಿನಲ್ಲಿ ಸರ್ಕಾರದ ಕಾಗದ ಬಂದರೆ ಪಾದ್ರಿ ಅದನ್ನು ಪ್ರಾರ್ಥನೆಯ ಕೊನೆಗೆ ಎಲ್ಲರ ಮುಂದೆ ಓದುತ್ತಾರೆ. ಅಂದೂ ಓದಿದರು. "ಸಾಕ್ಷಿಯಾದ ಫುವಾಯೊಗೆ ಹೆಸರು ನೆನಪಿಲ್ಲ." ಹಿರಿಯರು ತಲೆ ತಗ್ಗಿಸಿದರು, ಅವರಿಗೆ ವಿಷಯ ಗೊತ್ತು. ಪಟ್ಟಣದಲ್ಲಿ ಓದಿ ಬಂದ ಪಡ್ಡೆಗಳಿಗೆ ಏನು ಗೊತ್ತು? ಚರ್ಚಿನ ಮೆಟ್ಟಿಲ ಮೇಲೇ ಶುರುವಾಯಿತು. "ಏನಜ್ಜ, ಸ್ವಂತ ಭಾವನ್ನೇ ಮರೆತ್ಯಾ?" ಎಂದನೊಬ್ಬ. "ಭಾವನ ಹೆಸರೇ ಇಲ್ಲ ಅಂದ್ಮೇಲೆ ಆ ಹೊಳೆ, ಆ ಬಾಂಬು, ಅದೆಲ್ಲ ನಿಜ ಅಂತೀಯಾ?" ಎಂದ ಇನ್ನೊಬ್ಬ. ಕೀಟಲೆಗೆ ಅಂದದ್ದು, ದ್ವೇಷಕ್ಕಲ್ಲ. ಮಾವ ಟೋಪಿ ಹಾಕಿಕೊಂಡು ಮನೆಗೆ ನಡೆದರು. ಆ ಆದಿತ್ಯವಾರ ಅವರು ಕಥೆ ಹೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ಬಂದು ಅಂಗಳದಲ್ಲೇ ನಿಂತರು. "ಪಟ್ಟಣಕ್ಕೆ ಹೋಗೋಣ, ಬಾ."

"ಯಾಕೆ ಮಾವ?"

"ಹೇಳಿ ಬರೋಣ."

ನಾನು ಬೇಡ ಎಂದೆ. ಒಂದು ಸಲ ಎಂದೆ. ಎರಡನೆಯ ಸಲ ಎನ್ನಲಿಲ್ಲ, ಯಾಕೆಂದರೆ ನನಗೂ ಆಸೆಯಿತ್ತು. ಗೋಡೆಯ ಮೇಲೆ ಅಪ್ಪನ ಹೆಸರು ನೋಡುವ ಆಸೆ. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಶಾಲೆಗೆ ರಜೆ ಬರೆದುಕೊಟ್ಟು ದೋಣಿ ಹತ್ತಿದೆ.

ನಿಮ್ಮ ಕಚೇರಿಯಲ್ಲಿ ನಡೆದದ್ದು ನಿಮಗೆ ಗೊತ್ತೇ ಇದೆ, ಪತ್ರಿಕೆ ಓದುವವರಿಗಾಗಿ ಬರೆಯುತ್ತೇನೆ. ಮಾವ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ನೀವು ಒಳಗಿನಿಂದ ಚಹಾದ ಲೋಟ ಹಿಡಿದುಕೊಂಡೇ ಬಂದಿರಿ. ಅವರು ನಿಮ್ಮ ಮುಖ ನೋಡಲಿಲ್ಲ, ನನ್ನದನ್ನೂ ನೋಡಲಿಲ್ಲ, ಕಚೇರಿಯ ಗೋಡೆಯ ಕಡೆ ನೋಡುತ್ತ ಹೇಳಿದರು: "ಕಿಫುಂಗೆ." ಮತ್ತೆ ಹೇಳಿದರು, "ಕಿಫುಂಗೆ. ಮುಂದೆ ಬಲಗಡೆ ಇದ್ದವನು ಕಿಫುಂಗೆ." ನನ್ನ ನಲವತ್ತೈದು ವರ್ಷದಲ್ಲಿ ನಮ್ಮ ತಂದೆಯ ಹೆಸರನ್ನು ಆ ಧ್ವನಿಯಲ್ಲಿ ನಾನು ಕೇಳಿರಲಿಲ್ಲ. ನನಗೆ ನೆಲ ನೋಡದೆ ಬೇರೆ ದಾರಿ ಇರಲಿಲ್ಲ. ಮುದುಕ ಎಲ್ಲರ ಎದುರು ಬತ್ತಲೆಯಾದಂತೆ ಅನಿಸಿತು.

ನೀವು ಲೋಟ ಹಿಡಿದೇ ಕಡತ ತೆಗೆಸಿದಿರಿ. "ಅಜ್ಜ, ಫೆಬ್ರವರೀಲಿ ನೆನಪಿಲ್ಲ ಅಂತ ಆಗಿದೆ. ಈಗ ಹೇಳ್ತಿದೀರಿ. ಮಧ್ಯೆ ಯಾರೋ ಹೇಳಿಕೊಟ್ಟ ಹಾಗಿದೆಯಲ್ಲ?" ಎಂದು ನನ್ನ ಕಡೆ ನೋಡಿದಿರಿ. "ಹೇಳಿಕೆ ಬದಲಾದ್ರೆ ಕಡತ ಮುಚ್ಚಬೇಕಾಗುತ್ತೆ. ನನ್ನ ಕೈಲೇನಿಲ್ಲ."

ನಿಮ್ಮ ಕೈಯಲ್ಲಿ ಲೋಟವಿತ್ತು, ಪೆನ್ನಿತ್ತು, ಮುದ್ರೆಯಿತ್ತು. ಏನಿಲ್ಲ ಎಂದಿರಲ್ಲ, ಅದು ಯಾವುದು ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಆ ಮುದುಕ ತಮ್ಮ ಬಳಿ ಇದ್ದ ಕೊನೆಯ ಮಾನವನ್ನು ತಂದು ನಿಮ್ಮ ಮೇಜಿನ ಮೇಲಿಟ್ಟರು. ನೀವು ಅದಕ್ಕೆ ರಸೀದಿಯನ್ನೂ ಕೊಡಲಿಲ್ಲ.

ದೋಣಿಯಲ್ಲಿ ಬರುವಾಗ ಮಾವ ಒಂದೇ ಮಾತಾಡಿದರು. "ಮದ್ವೆಗೆ ಮುಂಚೆ ಹೆಸರು ಹಿಡಿದೇ ಕರೀತಿದ್ದೆ. ಜೊತೆಯಾಗಿ ಆಡ್ಕೊಂಡು ಬೆಳೆದವರು ನಾವು. ಐವತ್ಮೂರು ವರ್ಷ ಆಯ್ತು. ಬಾಯಿಗೆ ಇನ್ನೂ ಅಭ್ಯಾಸ ಇತ್ತು ನೋಡು."

ಮರುದಿನ ಅವರು ತಮ್ಮ ಹಂದಿಯನ್ನು ಕಟ್ಟಿ ತಂದು ನಮ್ಮಣ್ಣನ ಅಂಗಳದಲ್ಲಿ ಬಿಟ್ಟು ಹೋದರು. ಹೆಸರು ಹೇಳಿದವನು ಸತ್ತವನ ಮಕ್ಕಳಿಗೆ ಕೊಡಬೇಕಾದದ್ದು ಅದು. ಅವರಿಗಿದ್ದದ್ದು ಅದೊಂದೇ. ಬೇಡವೆಂದರೆ ಅವರಿಗೆ ಮತ್ತಷ್ಟು ಅವಮಾನ ಮಾಡಿದ ಹಾಗೆ, ಆದ್ದರಿಂದ ಅಣ್ಣ ತೆಗೆದುಕೊಂಡ, ಕೊಂದು ಬೇಯಿಸಿ ಊರಿಗೆ ಹಂಚಿದ. ನನ್ನ ಪಾಲನ್ನು ನಾನೂ ತಿಂದೆ. ರುಚಿ ಗೊತ್ತಾಗಲಿಲ್ಲ. ಸಂಪ್ರದಾಯದ ಪ್ರಕಾರ ಅಲ್ಲಿಗೆ ಎಲ್ಲ ಸರಿಹೋಗಬೇಕು. ಹೋಗಲಿಲ್ಲ. ಮಾವ ಈಗ ನಮ್ಮ ಮನೆಯ ಮುಂದಿನ ದಾರಿ ಬಿಟ್ಟು ತೋಟದ ಹಿಂದಿನಿಂದ ಓಡಾಡುತ್ತಾರೆ. ಆದಿತ್ಯವಾರ ಬರುವುದಿಲ್ಲ. ಅಣ್ಣ ಹೋಗಿ ಕರೆದ, ನಾನು ಹೋಗಿ ಕರೆದೆ. "ಬರ್ತೀನಿ ಬರ್ತೀನಿ" ಎನ್ನುತ್ತಾರೆ. ಯಾರಾದರೂ ಯುದ್ಧದ ಮಾತೆತ್ತಿದರೆ "ನಂಗೆ ನೆನಪಿಲ್ಲಪ್ಪ, ಸರ್ಕಾರದೋರೇ ಬರೆದುಕೊಟ್ಟಿದಾರಲ್ಲ" ಎಂದು ಎದ್ದುಹೋಗುತ್ತಾರೆ. ಅವೆಕೆ ಅತ್ತೆ ಒಬ್ಬಳೇ ಅವರನ್ನು ಬೈಯುತ್ತಾಳೆ.

ನನಗೆ ಸಿಟ್ಟು ಬರಬೇಕಿತ್ತು. ಬರುತ್ತಿಲ್ಲ. ಅಳು ಬರಬೇಕಿತ್ತು, ಅದೂ ಇಲ್ಲ. ಬೆಳಿಗ್ಗೆ ಏಳುತ್ತೇನೆ, ಶಾಲೆಗೆ ಹೋಗುತ್ತೇನೆ, ಮಕ್ಕಳ ಹಾಜರಿ ಕೂಗುತ್ತೇನೆ. ಒಂದೊಂದು ಹೆಸರಿಗೂ ಒಂದೊಂದು ಮಗು "ಇದ್ದೀನಿ" ಎನ್ನುತ್ತದೆ. ಒಳಗೆ ಎಲ್ಲೋ ಮರಗಟ್ಟಿದೆ, ಹೆಚ್ಚು ಹೊತ್ತು ಮಡಚಿ ಕೂತ ಕಾಲಿನ ಹಾಗೆ. ಈ ಪತ್ರವನ್ನು ಬರೆಯುವಾಗಲೂ ಏನೂ ಅನ್ನಿಸುತ್ತಿಲ್ಲ, ಅಕ್ಷರ ಮಾತ್ರ ನೆಟ್ಟಗೆ ಬರುತ್ತಿದೆ. ಅಪ್ಪನನ್ನು ನಾನು ಕಳೆದುಕೊಂಡದ್ದು ಇಪ್ಪತ್ತನಾಲ್ಕು ವರ್ಷದ ಹಿಂದೆ ಎಂದುಕೊಂಡಿದ್ದೆ. ಈಗ ಗೊತ್ತಾಗುತ್ತಿದೆ, ಅವರು ಆದಿತ್ಯವಾರಗಳಲ್ಲಿ ಮಾವನ ಬಾಯಲ್ಲಿ ಉಳಿದಿದ್ದರು. ಆ ಹಾಡು ಯಾವುದು ಎಂದು ನಾನು ಎಂದೂ ಬರೆದಿಟ್ಟುಕೊಳ್ಳಲಿಲ್ಲ. ಮುಂದಿನ ವಾರ ಬರೆದುಕೊಂಡರಾಯಿತು ಎಂದುಕೊಂಡೆ.

ಮುಂದಿನ ತಿಂಗಳು ಯುದ್ಧ ಮುಗಿದ ಐವತ್ತನೆಯ ವರ್ಷದ ನೆನಪಿಗೆ ನಿಮ್ಮ ಗೋಡೆಯ ಪರದೆ ಸರಿಸುತ್ತೀರಂತೆ. ಬ್ಯಾಂಡು ಬರುತ್ತದಂತೆ, ದೂರದ ದೇಶಗಳಿಂದ ಮುದುಕರು ಪದಕ ಹಾಕಿಕೊಂಡು ಬರುತ್ತಾರಂತೆ. ಬರಲಿ, ಅವರೂ ನೋವುಂಡವರೇ. ನಮ್ಮ ತಂದೆಯ ಹೆಸರನ್ನು ಕೆತ್ತಿ ಎಂದು ಇನ್ನು ಕೇಳುವುದಿಲ್ಲ. ನನ್ನ ಎಲ್ಲ ಅರ್ಜಿಗಳ ಕೆಳಗೂ ಆ ಹೆಸರು ಇದೆ, ಈ ಪತ್ರದ ಕೆಳಗೂ ಇರುತ್ತದೆ, ಕಣ್ಣಿದ್ದವರು ನೋಡಿಕೊಳ್ಳಲಿ. ಕೆತ್ತುವುದು ಬಿಡುವುದು ನಿಮ್ಮ ಉಳಿಗೆ ಬಿಟ್ಟದ್ದು.

ನಾನು ಕೇಳುವುದು ಬೇರೆ. ನಿಮ್ಮ ಕಡತದಲ್ಲಿ ಫುವಾಯೊ ಎಂಬ ಸಾಕ್ಷಿಯ ಎದುರಿಗಿರುವ "ನೆನಪಿಲ್ಲ" ಎಂಬುದನ್ನು ಹೊಡೆದುಹಾಕಿ. ಹೊಡೆದುಹಾಕಿ ಅಂಚೆಯಲ್ಲಿ ಕಳಿಸಬೇಡಿ, ನೀವೇ ಬನ್ನಿ. ಗೋಡೆಯ ಪರದೆ ಸರಿಸುವ ಮೊದಲು ಯಾವುದಾದರೂ ಒಂದು ಆದಿತ್ಯವಾರ ದೋಣಿ ಹತ್ತಿ ಕೊಸಾಂಗಕ್ಕೆ ಬನ್ನಿ. ಪಾದ್ರಿ ಆ ಕಾಗದ ಓದಿದ ಜಾಗದಲ್ಲೇ ನಿಂತು, ಅದನ್ನು ಕೇಳಿದ ಜನರ ಎದುರಿಗೇ ಹೇಳಿ, ಈ ಮನುಷ್ಯನಿಗೆ ಎಲ್ಲವೂ ನೆನಪಿತ್ತು, ನಮ್ಮ ಚೌಕದಲ್ಲಿ ಅದಕ್ಕೆ ಜಾಗವಿರಲಿಲ್ಲ ಎಂದು. ಮಾವ ಕೊನೆಯ ಬೆಂಚಿನಲ್ಲಿ ಕೂತಿರುತ್ತಾರೆ. ನಮ್ಮ ತಂದೆಯ ಹೆಸರನ್ನು ಅಲ್ಲಿ ನೀವು ಎತ್ತಬೇಕಾಗಿಲ್ಲ. ಇವರ ಭಾವ ಎಂದರೆ ಸಾಕು, ಯಾರೆಂದು ಊರಿಗೆಲ್ಲ ಗೊತ್ತು.

ಇಂತಿ,
ಮುಚ್ಚಿದ ಕಡತದ ಅರ್ಜಿದಾರಳು,
ಕೊಸಾಂಗ ಶಾಲೆಯ ಮೂರನೆಯ ತರಗತಿಯ ಟೀಚರು,
ಡೊರ್ಕಾಸ್ ಕಿಫುಂಗೆ